ಮನೆಯ ಬೆಕ್ಕು, ಮನೆಮಂದಿಯ ಆರೋಗ್ಯ



ನಮ್ಮ ಕಾಸರಗೋಡು ಸೀಮೆಯಲ್ಲಿ ಒಂದೇ ಬೆಕ್ಕನ್ನು ನಾಲ್ಕು ಭಾಷೆಗಳಲ್ಲಿ ಕರೆಯುತ್ತಾರೆ. ಕನ್ನಡದವರಿಗೆ ಅದು ಬೆಕ್ಕು, ತುಳುವರಿಗೆ ಪುಚ್ಚೆ, ಕೊಂಕಣಿಯವರಿಗೆ ಮಾಜರ್, ಮಲಯಾಳದವರಿಗೆ ಪೂಚ. ಬೆಕ್ಕು ಮಾತ್ರ ಇವುಗಳಲ್ಲಿ ಯಾವುದಕ್ಕೂ ಓಗೊಡುವುದಿಲ್ಲ. ಬೆಳಿಗ್ಗೆ ಮೀನಿನವರ ಹಾರ್ನ್ ಕೇಳಿದರೆ ಸಾಕು, ಅಟ್ಟದ ಮೇಲೆ ಮಲಗಿದ್ದರೂ ಗೇಟಿನ ಬಳಿ ಹಾಜರು! ಬೂತಾಯಿಯ ತಲೆ ಸಿಕ್ಕಿದ ಮೇಲೆಯೇ ಅದಕ್ಕೆ ಬೆಳಗಾಗುವುದು.

ಕಳೆದ ನವೆಂಬರ್ ತಿಂಗಳ ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ನೆರೆಮನೆಯ ತಂಗಿಯೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. "ಅಕ್ಕಾ, ನೀವು ಇವತ್ತು ಒಮ್ಮೆ ಮನೆಗೆ ಬರಲೇಬೇಕು. ಮಗಳು ಹೆರಿಗೆಗೆ ಬರುವವಳಿದ್ದಾಳೆ, ಏಳು ತಿಂಗಳಾಯಿತು. ಬೆಕ್ಕು ಇರುವ ಮನೆಗೆ ಬಸುರಿ ಬರಬಾರದು, ಮಗುವಿಗೆ ತೊಂದರೆ ಎಂದು ಎಲ್ಲರೂ ಹೇಳುತ್ತಾರೆ. ಅತ್ತೆ ಗೋಣಿಚೀಲ ತೆಗೆದಿಟ್ಟಿದ್ದಾರೆ" ಎಂದರು. ಗೋಣಿಚೀಲ ಎಂದರೆ ನಿಮಗೆ ಗೊತ್ತಲ್ಲ? ಬೆಕ್ಕನ್ನು ಅದರಲ್ಲಿ ತುಂಬಿ, ದಾರಿ ಗೊತ್ತಾಗದ ಹಾಗೆ ದೂರದ ಪೇಟೆಯಲ್ಲಿ ಬಿಟ್ಟು ಬರುವುದು. ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದ ಮೇಲೆ ಇಂತಹ ಪಂಚಾಯಿತಿಗಳು ನನ್ನ ಪಾಲಿಗೆ ಬರುವುದುಂಟು. ಸಂಜೆ ಹೋದೆ.

ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಎಂಬತ್ತು ದಾಟಿದ ಅಜ್ಜಿಗೆ ಬೆಕ್ಕಿನ ಕೂದಲಿನ ಭಯ. "ಕೂದಲು ಹೊಟ್ಟೆಗೆ ಹೋದರೆ ದಮ್ಮು ಬರುತ್ತದೆ ಮಗಾ" ಎಂದರು. ಮಗಳು ಫೋನಿನಲ್ಲಿ ಕಳಿಸಿದ್ದ ರಕ್ತಪರೀಕ್ಷೆಯ ಕಾಗದದಲ್ಲಿ ಒಂದು ಕಡೆ 'ಪಾಸಿಟಿವ್' ಎಂದು ಇದ್ದುದನ್ನು ಕಂಡು ತಾಯಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಈ ಗಲಾಟೆಯ ನಡುವೆ ಒಂಬತ್ತು ವರ್ಷದ ಮೊಮ್ಮಗ ನನಗೆ ಚಹಾ ತಂದುಕೊಟ್ಟ. ಲೋಟ ತೆಗೆದುಕೊಳ್ಳುವಾಗ ಅವನ ಮುಂಗೈ ನೋಡಿದೆ. ಮೂರು ಉದ್ದನೆಯ ಗೀರುಗಳು, ಅವುಗಳ ಮೇಲೆ ಒಣಗಿದ ಸುಣ್ಣ.

"ಇದೇನು ಮಗಾ?" ಎಂದು ಕೇಳಿದೆ. ನಾಲ್ಕು ದಿನಗಳ ಹಿಂದೆ ಎಲ್ಲಿಂದಲೋ ಬಂದ ಗಂಡು ಬೆಕ್ಕೊಂದು ಇವರ ಬೆಕ್ಕಿನ ಮೇಲೆ ಬಿತ್ತಂತೆ. ಬಿಡಿಸಲು ಹೋದ ಹುಡುಗನಿಗೆ ಪರಚಿ ಓಡಿಹೋಯಿತಂತೆ. ರಕ್ತ ಬಂದಿತ್ತಂತೆ. ಅಜ್ಜಿ ಸುಣ್ಣ ಹಚ್ಚಿದರು, ಅಲ್ಲಿಗೆ ವಿಷಯ ಮುಗಿಯಿತು. ಆ ಬೆಕ್ಕನ್ನು ಮತ್ತೆ ಯಾರೂ ನೋಡಿಲ್ಲ.

ಓದುಗರೇ, ಈ ತಿಂಗಳ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಆ ಮನೆಯವರು ಹೆದರಿದ್ದು ಕೂದಲಿಗೆ, ಹೆದರಬೇಕಾಗಿದ್ದದ್ದು ಗೀರಿಗೆ. ಗೋಣಿಚೀಲ ಸಿದ್ಧವಾಗಿತ್ತು, ಆದರೆ ಹುಡುಗನಿಗೆ ಒಂದು ಚುಚ್ಚುಮದ್ದು ಆಗಿರಲಿಲ್ಲ. ಬೆಕ್ಕಿನಿಂದ ಮನುಷ್ಯನಿಗೆ ಯಾವ ರೋಗ ಬರುತ್ತದೆ, ಯಾವುದು ಬರುವುದಿಲ್ಲ ಎಂದು ತಿಳಿದಿದ್ದರೆ ಬೆಕ್ಕೂ ಉಳಿಯುತ್ತದೆ, ಮನೆಯವರೂ ಸುರಕ್ಷಿತವಾಗಿರುತ್ತಾರೆ.

ಮೊದಲನೆಯದು: ಹುಚ್ಚುರೋಗ

ಹುಚ್ಚುರೋಗ, ಅಂದರೆ ರೇಬೀಸ್, ನಾಯಿಯಿಂದ ಮಾತ್ರ ಬರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ನಮ್ಮ ದೇಶದಲ್ಲಿ ಬಹುಪಾಲು ಬರುವುದು ನಾಯಿಯಿಂದಲೇ ಎಂಬುದು ನಿಜ. ಆದರೆ ರೋಗ ತಗಲಿದ ನಾಯಿಯೋ ನರಿಯೋ ಬೆಕ್ಕನ್ನು ಕಚ್ಚಿದರೆ ಬೆಕ್ಕಿಗೂ ಅದು ಬರುತ್ತದೆ, ಆ ಬೆಕ್ಕಿನಿಂದ ನಮಗೂ ಬರುತ್ತದೆ. ವೈರಸ್ ಇರುವುದು ಜೊಲ್ಲಿನಲ್ಲಿ. ಬೆಕ್ಕು ತನ್ನ ಪಂಜವನ್ನು ಸದಾ ನೆಕ್ಕುವ ಪ್ರಾಣಿ. ಆದ್ದರಿಂದ ಕಚ್ಚಿದರೆ ಮಾತ್ರವಲ್ಲ, ಪರಚಿದರೂ ನಿರ್ಲಕ್ಷಿಸುವಂತಿಲ್ಲ. ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಸಾವು ಹೆಚ್ಚುಕಡಿಮೆ ಖಚಿತ. ಸಕಾಲಕ್ಕೆ ಲಸಿಕೆ ಮತ್ತು ಗಾಯದ ಆರೈಕೆ ದೊರೆತರೆ ಮಾತ್ರ ಇದನ್ನು ತಡೆಯಬಹುದು.

ಗಾಯವಾದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಹರಿಯುವ ನೀರಿನ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ಗಾಯವನ್ನು ತೊಳೆಯಬೇಕು. ಎರಡು ನಿಮಿಷ ತೊಳೆದು 'ಆಯಿತು' ಎನ್ನಬೇಡಿ, ಗಡಿಯಾರ ನೋಡಿ ತೊಳೆಯಿರಿ. ಬಳಿಕ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಸುಣ್ಣ, ಅರಸಿನ, ಕಾಫಿಪುಡಿ, ಮೆಣಸಿನ ಪುಡಿ, ಸೀಮೆ ಎಣ್ಣೆ ಇವು ಯಾವುದೂ ಬೇಡ. ಇವು ಗಾಯವನ್ನು ಕೆಣಕಿ ವೈರಸ್ಸಿಗೆ ದಾರಿ ಮಾಡಿಕೊಡುತ್ತವೆ. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ.

ಅನಂತರ ಆಸ್ಪತ್ರೆ. ಅಲ್ಲಿ ಗಾಯವನ್ನು ಮೂರು ವರ್ಗಗಳಾಗಿ ನೋಡುತ್ತಾರೆ. ಗಾಯವಿಲ್ಲದ ಚರ್ಮವನ್ನು ಪ್ರಾಣಿ ನೆಕ್ಕಿದ್ದರೆ ತೊಳೆದುಕೊಂಡರೆ ಸಾಕು, ಚುಚ್ಚುಮದ್ದು ಬೇಡ. ರಕ್ತ ಬಾರದ ಸಣ್ಣ ಗೀರು ಅಥವಾ ತರಚಿದ ಗಾಯವಾದರೆ ಲಸಿಕೆ ಬೇಕು. ರಕ್ತ ಬಂದಿದ್ದರೆ ಅಥವಾ ಬಾಯಿ, ಕಣ್ಣು, ಹಳೆಯ ಗಾಯದ ಮೇಲೆ ಜೊಲ್ಲು ತಾಗಿದ್ದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಮದ್ದನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಲಸಿಕೆಯು ದೇಹದಲ್ಲಿ ರಕ್ಷಣೆ ಬೆಳೆಸಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಕಾವಲು ಕಾಯುವುದು ಈ ಮದ್ದು. ಇದು ಎಲ್ಲ ಚಿಕ್ಕ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಆದ್ದರಿಂದ ಹೊರಡುವ ಮೊದಲು ಎಲ್ಲಿ ಸಿಗುತ್ತದೆ ಎಂದು ಫೋನು ಮಾಡಿ ಕೇಳುವುದು ಒಳ್ಳೆಯದು.

ಹಿರಿಯರಲ್ಲಿ ಇನ್ನೂ ಒಂದು ಹೆದರಿಕೆ ಉಳಿದಿದೆ, ಹೊಕ್ಕುಳಿನ ಸುತ್ತ 14 ಚುಚ್ಚುಮದ್ದು ಎಂದು. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ ಮಾತು. ನಮ್ಮ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಆರಂಭವಾದ ಪಾಶ್ಚರ್ ಸಂಸ್ಥೆಯ ಹೆಸರನ್ನು ಆ ಲಸಿಕೆಯ ಕಾರಣದಿಂದಲೇ ದಕ್ಷಿಣದ ಹಳೆಯ ತಲೆಮಾರಿನವರು ಬಲ್ಲರು. ಆ ಬಗೆಯ ಲಸಿಕೆಯ ತಯಾರಿ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿತು. ಈಗ ಕೊಡುವುದು ಹೊಸ ಬಗೆಯ ಲಸಿಕೆ, ಅದೂ ತೋಳಿಗೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14 ಮತ್ತು 28ನೇ ದಿನ. ಮೊದಲ ಚುಚ್ಚುಮದ್ದಿನ ದಿನವೇ ಸೊನ್ನೆಯ ದಿನ. ಬಸುರಿಯರಿಗೂ, ಬಾಣಂತಿಯರಿಗೂ, ಎಳೆಯ ಮಕ್ಕಳಿಗೂ ಇದನ್ನು ಕೊಡಬಹುದು. ಎರಡು ಚುಚ್ಚುಮದ್ದು ತೆಗೆದುಕೊಂಡು 'ಇನ್ನು ಸಾಕು' ಎಂದು ನೀವಾಗಿಯೇ ಬಿಡಬೇಡಿ.

ಕಚ್ಚಿದ್ದು ಮನೆಯ ಬೆಕ್ಕೇ ಆಗಿದ್ದರೆ ಅದನ್ನು ಕೊಲ್ಲಬೇಡಿ, ಓಡಿಸಬೇಡಿ. 10 ದಿನ ಕಣ್ಣಿಟ್ಟು ನೋಡಬೇಕು. ಆ ಅವಧಿಯಲ್ಲಿ ಅದು ಆರೋಗ್ಯವಾಗಿಯೇ ಇದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದು ಅರ್ಥ, ಆಗ ಮುಂದಿನ ಚುಚ್ಚುಮದ್ದುಗಳ ವಿಷಯವನ್ನು ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಆ 10 ದಿನ ಕಾದು ಆಮೇಲೆ ಲಸಿಕೆ ಆರಂಭಿಸೋಣ ಎನ್ನುವುದು ಅಪಾಯ. ಲಸಿಕೆ ಮೊದಲು, ಕಾಯುವುದು ಅದರ ಜೊತೆಗೆ. ಬೆಕ್ಕು ಅನ್ನ ಬಿಟ್ಟು ಮೂಲೆ ಸೇರಿದರೆ, ಕಾರಣವಿಲ್ಲದೆ ಮೈಮೇಲೆ ಹಾರಿದರೆ, ಸ್ವರ ಬದಲಾದರೆ, ಬಾಯಿಯಿಂದ ಜೊಲ್ಲು ಸುರಿದರೆ ಮುಟ್ಟದೆ ಮೃಗಾಸ್ಪತ್ರೆಗೆ ತಿಳಿಸಿ.

ಆ ಹುಡುಗನ ಕತೆಯಲ್ಲಿ ಕಾದು ನೋಡಲು ಬೆಕ್ಕೇ ಇರಲಿಲ್ಲ. ನಾಲ್ಕು ದಿನ ತಡವಾಗಿತ್ತು. ಹಾಗೆಂದು 'ಇನ್ನು ಹೋಗಿ ಏನು ಪ್ರಯೋಜನ' ಎನ್ನುವಂತಿಲ್ಲ. ತಡವಾದರೂ ಲಸಿಕೆ ತೆಗೆದುಕೊಳ್ಳಲೇಬೇಕು. ಅಲ್ಲಿಯೇ ನಲ್ಲಿಯ ಕೆಳಗೆ ಕೈ ಹಿಡಿಸಿ ಸುಣ್ಣ ಹೋಗುವಂತೆ ಸಾಬೂನಿನಿಂದ ತೊಳೆಸಿದೆ. ಹುಡುಗನ ತಂದೆ ಬೈಕು ತೆಗೆದರು. ಆ ರಾತ್ರಿಯೇ ಲಸಿಕೆಯೂ ಇಮ್ಯುನೋಗ್ಲೋಬ್ಯುಲಿನ್ನೂ ಆಯಿತು. ಜೊತೆಗೆ ಟೆಟನಸ್ ಚುಚ್ಚುಮದ್ದನ್ನೂ ಕೊಟ್ಟರು.

ಬಸುರಿ ಮತ್ತು ಬೆಕ್ಕು

ಇನ್ನು ತಾಯಿಯ ನಿದ್ದೆಗೆಡಿಸಿದ ಆ ಕಾಗದಕ್ಕೆ ಬರೋಣ. ರೋಗದ ಹೆಸರು ಟಾಕ್ಸೊಪ್ಲಾಸ್ಮೋಸಿಸ್. ಟಾಕ್ಸೊಪ್ಲಾಸ್ಮಾ ಎಂಬ, ಕಣ್ಣಿಗೆ ಕಾಣದ ಪರೋಪಜೀವಿಯಿಂದ ಬರುವುದು. ಇದನ್ನು 1908ರಲ್ಲಿ ಉತ್ತರ ಆಫ್ರಿಕದ ಟ್ಯೂನಿಸ್ ನಗರದಲ್ಲಿ ಗುಂಡಿ ಎಂಬ ಇಲಿಜಾತಿಯ ಪ್ರಾಣಿಯಲ್ಲಿ ಕಂಡುಹಿಡಿದರು. ಆದರೆ ಬೆಕ್ಕಿಗೂ ಇದಕ್ಕೂ ಇರುವ ಸಂಬಂಧ ಸ್ಪಷ್ಟವಾಗಲು 1970ರ ತನಕ ಕಾಯಬೇಕಾಯಿತು. ಅದನ್ನು ಬಿಡಿಸಿದವರಲ್ಲಿ ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಪಶುವೈದ್ಯ ವಿಜ್ಞಾನಿ ಜೆ. ಪಿ. ದುಬೆಯವರೂ ಒಬ್ಬರು.

ಸೋಂಕಿರುವ ಇಲಿಯನ್ನೋ ಹಕ್ಕಿಯನ್ನೋ ಹಸಿ ಮಾಂಸವನ್ನೋ ತಿಂದ ಬೆಕ್ಕಿನ ಕರುಳಿನಲ್ಲಿ ಈ ಜೀವಿ ವೃದ್ಧಿಯಾಗಿ, ಅದರ ಮೊಟ್ಟೆಯಂತಹ ಕಣಗಳು ಮಲದಲ್ಲಿ ಹೊರಬೀಳುತ್ತವೆ. ಇಲ್ಲಿ ನೆನಪಿಡಬೇಕಾದದ್ದು ಎರಡು ವಿಷಯ. ಒಂದು, ಸಾಮಾನ್ಯವಾಗಿ ಬೆಕ್ಕು ಮೊದಲ ಸಲ ಸೋಂಕು ತಗಲಿದಾಗ ಮಾತ್ರ, ಒಂದರಿಂದ ಮೂರು ವಾರಗಳ ತನಕ ಇವುಗಳನ್ನು ಹೊರಹಾಕುತ್ತದೆ. ಎರಡು, ಹೊರಬಿದ್ದ ಕೂಡಲೇ ಅವು ಸೋಂಕು ತಗಲಿಸಲಾರವು. ಅವು ಬಲಿಯಲು ಒಂದರಿಂದ ಐದು ದಿನ ಬೇಕು. ದಿನದಿನವೂ ಬೆಕ್ಕಿನ ಮಲವನ್ನು ತೆಗೆದು ಹಾಕಿದರೆ ಅಪಾಯ ಬಹಳ ಕಡಿಮೆಯಾಗುವುದು ಇದೇ ಕಾರಣದಿಂದ. ಆದರೆ ತೆಗೆಯದೆ ಬಿಟ್ಟರೆ ಅವು ತೇವದ ಮಣ್ಣಿನಲ್ಲಿ ಹಲವು ತಿಂಗಳು ಬದುಕಿರಬಲ್ಲವು.

ನಮ್ಮ ಊರಿನ ಬೆಕ್ಕುಗಳು ಎಲ್ಲಿಗೆ ಹೋಗುತ್ತವೆ ಎಂದು ಯೋಚಿಸಿ. ಮನೆ ಕಟ್ಟಲು ತಂದು ಸುರಿದ ಹೊಯಿಗೆಯ ರಾಶಿಗೆ, ಹರಿವೆಯ ಸಾಲಿಗೆ, ಬಸಳೆ ಚಪ್ಪರದ ಬುಡಕ್ಕೆ. ಅದೇ ಮಣ್ಣಿನಲ್ಲಿ ಕೈಯಾಡಿಸಿ, ತೊಳೆಯದೆ ಬಾಯಿಗೆ ಕೈಯಿಟ್ಟರೆ, ಸರಿಯಾಗಿ ತೊಳೆಯದ ಸೊಪ್ಪು, ಸೌತೆ ಹಸಿಯಾಗಿ ತಿಂದರೆ ರೋಗ ಒಳಗೆ ಹೋಗುತ್ತದೆ. ಇನ್ನೊಂದು ದಾರಿ ಸರಿಯಾಗಿ ಬೇಯದ ಮಾಂಸ. ನಮ್ಮ ಅಮ್ಮಂದಿರು ಗಂಟೆಗಟ್ಟಲೆ ಒಲೆಯ ಮೇಲಿಟ್ಟು ಬೇಯಿಸಿದ ಹಂದಿಮಾಂಸದ ಬಫಾತಿನಲ್ಲಿ ಇದಾವುದೂ ಉಳಿಯುವುದಿಲ್ಲ. ಭಯವಿರುವುದು ಒಳಗೆ ಕೆಂಪಾಗಿಯೇ ಉಳಿದ ಕಬಾಬಿನಲ್ಲಿ, ಮಾಂಸ ಕೊಚ್ಚಿದ ಹಲಗೆಯಲ್ಲೇ ಈರುಳ್ಳಿ ಸೌತೆ ಹೆಚ್ಚುವ ಅಭ್ಯಾಸದಲ್ಲಿ. ಬೆಕ್ಕನ್ನೇ ಸಾಕದ ಮನೆಯವರಿಗೂ ಈ ರೋಗ ಬರುವುದು ಹೀಗೆ.

ಆರೋಗ್ಯವಂತರಿಗೆ ಇದು ತಗಲಿದರೆ ಹೆಚ್ಚಿನ ಬಾರಿ ಗೊತ್ತೇ ಆಗುವುದಿಲ್ಲ. ಕೆಲವರಿಗೆ ನಾಲ್ಕು ದಿನ ಜ್ವರ, ಕುತ್ತಿಗೆಯಲ್ಲಿ ಗಡ್ಡೆ. ಆದರೆ ಗರ್ಭಿಣಿಯಾಗಿರುವಾಗ ಮೊದಲ ಬಾರಿಗೆ ತಗಲಿದರೆ ಅದು ಮಗುವಿಗೆ ದಾಟಬಹುದು. ಗರ್ಭಪಾತವಾಗಬಹುದು, ಮಗುವಿನ ಮಿದುಳಿಗೆ ಇಲ್ಲವೇ ಕಣ್ಣಿಗೆ ಹಾನಿಯಾಗಬಹುದು, ಕಣ್ಣಿನ ತೊಂದರೆ ವರ್ಷಗಳ ಬಳಿಕವೂ ಕಾಣಿಸಬಹುದು. ಎಚ್‌ಐವಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡ ಬದಲಾಯಿಸಿಕೊಂಡವರು ಕೂಡ ಎಚ್ಚರದಿಂದಿರಬೇಕು. ಅವರಲ್ಲಿ ಇದು ಮಿದುಳಿಗೆ ಏರಬಹುದು.

ಹಾಗಾದರೆ ಆ 'ಪಾಸಿಟಿವ್' ಎಂದರೇನು? ಕಾಗದದಲ್ಲಿ ಎರಡು ಸಾಲುಗಳಿದ್ದವು, ಐಜಿಜಿ ಮತ್ತು ಐಜಿಎಂ ಎಂದು. ಐಜಿಜಿ ಹಿಂದೆ ಎಂದೋ ಸೋಂಕು ಆಗಿಹೋದ ಗುರುತು. ಐಜಿಎಂ ಹೊಸ ಸೋಂಕಿನ ಸುಳಿವು ಕೊಡಬಹುದಾದ ಗುರುತು. ಮಗಳ ಕಾಗದ ಮೂರನೇ ತಿಂಗಳಿನದು, ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್. ಅಂದರೆ ಬಸುರಾಗುವ ಮೊದಲೇ ಎಂದೋ ಸೋಂಕು ಬಂದು ಹೋಗಿದೆ, ದೇಹ ಅದಕ್ಕೆ ರಕ್ಷಣೆ ಬೆಳೆಸಿಕೊಂಡಿದೆ. ಇದು ಹೆದರುವ ಸುದ್ದಿಯಲ್ಲ, ನೆಮ್ಮದಿಯ ಸುದ್ದಿ. ಅವಳ ವೈದ್ಯೆಯೂ ಅದನ್ನೇ ಹೇಳಿದ್ದರಂತೆ. ಆದರೆ ಆ ಒಂದು ಶಬ್ದ ಕಂಡ ಮೇಲೆ ತಾಯಿಗೆ ಬೇರೇನೂ ಕೇಳಿಸಿರಲಿಲ್ಲ. ಐಜಿಎಂ ಪಾಸಿಟಿವ್ ಬಂದರೂ ಕೂಡಲೇ ಕೈಚೆಲ್ಲಬೇಕಾಗಿಲ್ಲ. ಅದು ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೆಯೇ ಉಳಿಯುವುದುಂಟು. ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು, ಇದಕ್ಕೆ ಚಿಕಿತ್ಸೆಯೂ ಇದೆ. ಪರೀಕ್ಷೆಯ ಕಾಗದವನ್ನು ನೆರೆಮನೆಯವರಿಂದ ಓದಿಸಬೇಡಿ, ವೈದ್ಯರಿಂದ ಓದಿಸಿ.

ಪರಚು ಜ್ವರ

ಬೆಕ್ಕಿನ ಮರಿಯನ್ನು ಮಡಿಲಲ್ಲಿಟ್ಟು ಆಡಿಸುವ ಮಕ್ಕಳಲ್ಲಿ ಇನ್ನೊಂದು ಕಾಯಿಲೆ ಕಾಣುವುದುಂಟು. ಪರಚಿದ ಜಾಗದಲ್ಲಿ ಕೆಲವು ದಿನಗಳಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಒಂದೆರಡು ವಾರಗಳಲ್ಲಿ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಊದಿಕೊಂಡು ನೋಯುತ್ತದೆ. ಜೊತೆಗೆ ಜ್ವರ, ಸುಸ್ತು. 1950ರಲ್ಲಿ ಪ್ಯಾರಿಸ್ಸಿನ ಮಕ್ಕಳ ವೈದ್ಯ ರೋಬೇರ್ ದೆಬ್ರೆ ಇದನ್ನು ವಿವರಿಸಿದರು. ಕಾರಣವಾದ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯ ಗೊತ್ತಾದದ್ದು 1990ರ ದಶಕದಲ್ಲಿ. ಬೆಕ್ಕಿನಿಂದ ಬೆಕ್ಕಿಗೆ ಇದನ್ನು ಹರಡುವುದು ಚಿಗಟ. ಚಿಗಟದ ಹಿಕ್ಕೆ ಉಗುರಿನ ಸಂದಿಯಲ್ಲಿ ಸೇರಿ, ಪರಚಿದಾಗ ನಮ್ಮ ಮೈಗೆ ಬರುತ್ತದೆ. ಹೆಚ್ಚಿನವರಿಗೆ ತಾನಾಗಿಯೇ ಗುಣವಾಗುತ್ತದೆ, ಬೇಕಾದರೆ ವೈದ್ಯರು ಔಷಧಿ ಕೊಡುತ್ತಾರೆ. ಮಗುವಿನ ಕಂಕುಳಲ್ಲಿ ಗಡ್ಡೆ ಕಂಡು ವೈದ್ಯರ ಬಳಿಗೆ ಹೋದಾಗ 'ಮನೆಯಲ್ಲಿ ಬೆಕ್ಕಿನ ಮರಿ ಇದೆ' ಎಂದು ಹೇಳಲು ಮರೆಯಬೇಡಿ. ಆ ಒಂದು ಮಾತು ಹಲವು ಪರೀಕ್ಷೆಗಳನ್ನು ಉಳಿಸಬಹುದು.

ಬೆಕ್ಕಿನ ಕಚ್ಚುಗಾಯ ನೋಡಲು ಸಣ್ಣದು, ಎರಡು ಸೂಜಿ ಚುಚ್ಚಿದ ಹಾಗೆ. ಆದರೆ ಅದರ ಹಲ್ಲು ಚೂಪು, ಗಾಯ ಆಳ. ಬೆಕ್ಕಿನ ಬಾಯಿಯಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯ ಒಳಗೆ ಸೇರಿ, ಒಂದು ದಿನ ಕಳೆಯುವುದರೊಳಗೆ ಕೈ ಕೆಂಪಾಗಿ ಊದಬಹುದು. ಬೆರಳಿನ ಸಂದಿಗೆ ತಾಗಿದರೆ ಇನ್ನೂ ಕಷ್ಟ. ಮಧುಮೇಹ ಇರುವವರು ಇಂತಹ ಗಾಯವನ್ನು ಒಂದು ದಿನವೂ ಮನೆಯಲ್ಲಿಟ್ಟುಕೊಳ್ಳಬಾರದು.

ಗಜಕರ್ಣ ಮತ್ತು ಹುಳ

ಬೆಕ್ಕಿನ ಮರಿಯ ಕಿವಿ, ಮುಖ, ಕಾಲಿನ ಬಳಿ ಕೂದಲು ಉದುರಿ ಬೋಳಾದ ಗುರುತು ಕಂಡರೆ ಅದು ಗಜಕರ್ಣ ಇರಬಹುದು. ಹುಳುಕಡ್ಡಿ ಎಂದೂ ಹೇಳುತ್ತಾರೆ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವಿನಿಂದ ಬರುವುದಲ್ಲ, ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯದ್ದರಿಂದ ಬರುವುದು. ಮರಿಯನ್ನು ಅಪ್ಪಿಕೊಂಡ ಮಕ್ಕಳ ಕತ್ತು, ಕೈ, ತಲೆಯಲ್ಲಿ ಉಂಗುರದಂತೆ ತುರಿಸುವ ಮಚ್ಚೆಗಳಾಗುತ್ತವೆ. ಇದರಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು, ಮೆಡಿಕಲ್ ಅಂಗಡಿಗೆ ಹೋಗಿ 'ತುರಿಕೆಗೆ ಒಂದು ಟ್ಯೂಬು ಕೊಡಿ' ಎಂದು ಕೇಳಿ ಸ್ಟೀರಾಯ್ಡ್ ಬೆರೆತ ಮುಲಾಮು ತರುವುದು. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಕಾಯಿಲೆ ಮೊದಲಿಗಿಂತ ದೊಡ್ಡದಾಗಿ ಹಬ್ಬುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ, ಹೇಳಿದಷ್ಟು ವಾರ ಮದ್ದು ಮಾಡಿ. ಬೆಕ್ಕಿಗೂ ಚಿಕಿತ್ಸೆ ಆಗಬೇಕು, ಇಲ್ಲವಾದರೆ ಅದು ಮನೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಬೆಕ್ಕಿನ ಹೊಟ್ಟೆಯ ದುಂಡುಹುಳ, ಕೊಕ್ಕೆಹುಳಗಳ ಮೊಟ್ಟೆಗಳೂ ಮಲದೊಂದಿಗೆ ಮಣ್ಣಿಗೆ ಬೀಳುತ್ತವೆ. ಹೊಯಿಗೆಯಲ್ಲಿ ಆಡಿ ಕೈ ತೊಳೆಯದ ಮಕ್ಕಳ ಹೊಟ್ಟೆಗೆ ದುಂಡುಹುಳದ ಮೊಟ್ಟೆ ಹೋಗಬಹುದು. ಅಪರೂಪಕ್ಕೆ ಅದರ ಮರಿಹುಳ ಕಣ್ಣಿನ ತನಕ ಹೋಗಿ ದೃಷ್ಟಿಗೆ ತೊಂದರೆ ಕೊಡುವುದೂ ಉಂಟು. ನಾಯಿ ಬೆಕ್ಕುಗಳ ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮವನ್ನು ಕೊರೆದು ಒಳಗೆ ಹೋಗಿ, ದಾರಿ ತಪ್ಪಿದಂತೆ ಚರ್ಮದಡಿಯಲ್ಲೇ ಹರಿದಾಡುತ್ತದೆ. ಆಗ ಕಾಲಿನ ಮೇಲೆ ಹಾವಿನ ಹಾದಿಯಂತೆ ಕೆಂಪು ಗೆರೆ, ತಡೆಯಲಾರದ ತುರಿಕೆ. ಕಡಲತೀರದ ತೇವದ ಮರಳಿನಲ್ಲಿ ಬರಿಗಾಲಲ್ಲಿ ಓಡಾಡುವ ನಮ್ಮ ಕರಾವಳಿಯವರಿಗೂ ಗೋವೆಯವರಿಗೂ ಇದು ಬರಬಹುದಾದ ಕಾಯಿಲೆ. ಇದಕ್ಕೆ ಸುಲಭದ ಗುಳಿಗೆ ಇದೆ, ಸೂಜಿಯಿಂದ ಕೆದಕಬೇಡಿ.

ಅಜ್ಜಿಯ ಕೂದಲಿನ ಪ್ರಶ್ನೆ

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ದಮ್ಮು ಬರುತ್ತದೆ ಎಂಬುದು ಸರಿಯಲ್ಲ. ನುಂಗಿದ ಕೂದಲು ಹೊರಗೆ ಹೋಗುತ್ತದೆ. ಆದರೆ ಅಜ್ಜಿಯ ಮಾತಿನಲ್ಲಿ ಸ್ವಲ್ಪ ಹುರುಳೂ ಇದೆ. ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿ ಒಂದು ಬಗೆಯ ಪ್ರೋಟೀನು ಇದೆ. ಬೆಕ್ಕು ಮೈ ನೆಕ್ಕಿದಾಗ ಅದು ಕೂದಲಿಗೆ ಅಂಟಿ, ಒಣಗಿ, ಧೂಳಿನಂತೆ ಗಾಳಿಯಲ್ಲಿ ಸೇರುತ್ತದೆ. ಅಲರ್ಜಿ ಇರುವವರಿಗೆ ಅದರಿಂದ ಸೀನು, ಕಣ್ಣುರಿ, ಉಬ್ಬಸ ಬರುತ್ತದೆ. ಆದ್ದರಿಂದ ಮನೆಯಲ್ಲಿ ಅಸ್ತಮಾ ಇರುವವರಿದ್ದು, ಬೆಕ್ಕು ಹತ್ತಿರ ಬಂದಾಗ ಅವರಿಗೆ ಉಬ್ಬಸ ಹೆಚ್ಚುತ್ತಿದ್ದರೆ ಬೆಕ್ಕಿಗೆ ಮಲಗುವ ಕೋಣೆಯ ಬಾಗಿಲು ಮುಚ್ಚಿ, ವೈದ್ಯರ ಸಲಹೆ ಕೇಳಿ. ಅಲರ್ಜಿ ಇಲ್ಲದವರು ಹೆದರಬೇಕಾಗಿಲ್ಲ.

ಹೊಸದಾಗಿ ಕೇಳಿಬಂದ ಮಾತೊಂದನ್ನೂ ಸೇರಿಸುತ್ತೇನೆ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕುಬೆಕ್ಕುಗಳಲ್ಲಿ ಹಕ್ಕಿಜ್ವರದ ವೈರಸ್ ಪತ್ತೆಯಾಯಿತು. ಬೆಕ್ಕಿಗೆ ಹಸಿ ಕೋಳಿಯ ತ್ಯಾಜ್ಯ ಹಾಕುವ ಅಭ್ಯಾಸವಿದ್ದರೆ ಬಿಡಿ, ಬೇಯಿಸಿ ಹಾಕಿ. ಸತ್ತ ಹಕ್ಕಿ, ಸತ್ತ ಕೋಳಿಯ ಬಳಿ ಬೆಕ್ಕನ್ನು ಬಿಡಬೇಡಿ.

ಮನೆಯಲ್ಲಿ ಪಾಲಿಸಬೇಕಾದ ಕೆಲವು ನಿಯಮಗಳು

1. ಬೆಕ್ಕಿಗೆ ಮೂರು ತಿಂಗಳಾದ ಮೇಲೆ ಹುಚ್ಚುರೋಗದ ಲಸಿಕೆ ಹಾಕಿಸಿ. ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದಂತೆ ತಪ್ಪದೆ ಮುಂದುವರಿಸಿ, ಕಾರ್ಡು ಜೋಪಾನವಾಗಿಡಿ.

2. ಹುಳದ ಮದ್ದು ಮರಿಗಳಿಗೆ ಎಳವೆಯಲ್ಲೇ ಆರಂಭವಾಗಬೇಕು, ದೊಡ್ಡ ಬೆಕ್ಕಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಚಿಗಟದ ಮದ್ದನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ. ನಾಯಿಗೆ ಹಾಕುವ ಕೆಲವು ಮದ್ದುಗಳು ಬೆಕ್ಕಿಗೆ ವಿಷ.

3. ಬೆಕ್ಕಿನ ಮಲವನ್ನು ದಿನಾಲೂ ತೆಗೆಯಿರಿ. ಬಸುರಿ ಈ ಕೆಲಸ ಮಾಡಬಾರದು. ಬೇರೆ ಯಾರೂ ಇಲ್ಲದಿದ್ದರೆ ಕೈಗವಸು ಹಾಕಿ ಮಾಡಿ, ಬಳಿಕ ಸಾಬೂನಿನಿಂದ ಕೈ ತೊಳೆಯಲಿ.

4. ಹೊಯಿಗೆಯ ರಾಶಿಗೆ ಟಾರ್ಪಾಲು ಮುಚ್ಚಿ. ತರಕಾರಿ ಸಾಲಿಗೆ ಒಣಮುಳ್ಳು ಅಥವಾ ಬಲೆ ಹಾಕಿ. ತೋಟದ ಕೆಲಸ ಮಾಡಿ ಬಂದ ಮೇಲೆ ಕೈ ತೊಳೆಯದೆ ಅಡುಗೆಮನೆ ಹೊಗಬೇಡಿ.

5. ಹಸಿ ಮಾಂಸಕ್ಕೆ ಬೇರೆ ಹಲಗೆ, ಬೇರೆ ಚೂರಿ ಇರಲಿ. ಮಾಂಸ ಪೂರ್ತಿ ಬೇಯಲಿ, ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆಯಿರಿ.

6. ಎಳೆಮಗುವಿನ ಬಳಿ ಬೆಕ್ಕನ್ನು ಒಂಟಿಯಾಗಿ ಬಿಡಬೇಡಿ. ಬೆಚ್ಚಗಿರುವ ತೊಟ್ಟಿಲು ಬೆಕ್ಕಿಗೂ ಇಷ್ಟ.

7. ಜಗಳವಾಡುವ ಬೆಕ್ಕುಗಳನ್ನು ಕೈಯಿಂದ ಬಿಡಿಸಬಾರದು, ನೀರು ಎರಚಿದರೆ ಸಾಕು ಎಂದು ಮಕ್ಕಳಿಗೆ ಹೇಳಿಕೊಡಿ. ಪರಚಿದರೆ ಬೈಯುತ್ತಾರೆಂದು ಅಡಗಿಸಬಾರದು ಎಂಬುದನ್ನೂ ಹೇಳಿ. ಬೈಗುಳಕ್ಕೆ ಹೆದರಿ ಮಕ್ಕಳು ಗಾಯ ಮುಚ್ಚಿಡುವುದೇ ಹೆಚ್ಚು ಅಪಾಯ.

ಗೋಣಿಚೀಲದ ವಿಷಯ

ಬೆಕ್ಕನ್ನು ಪೇಟೆಯಲ್ಲಿ ಬಿಟ್ಟು ಬಂದರೆ ಏನಾಗುತ್ತದೆ? ಸಾಕಿದ ಬೆಕ್ಕಿಗೆ ಬೀದಿಯ ಬದುಕು ಗೊತ್ತಿಲ್ಲ. ನಾಯಿಗಳ ಬಾಯಿಗೋ ವಾಹನದ ಚಕ್ರಕ್ಕೋ ಸಿಗುತ್ತದೆ, ಇಲ್ಲವೇ ಹಸಿವಿನಿಂದ ಸಾಯುತ್ತದೆ. ಹೀಗೆ ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಬಿಟ್ಟುಬಂದ ಮನೆಗೂ ಲಾಭವಿಲ್ಲ. ಲಸಿಕೆ ಹಾಕಿಸಿದ ನಮ್ಮ ಬೆಕ್ಕಿನ ಜಾಗಕ್ಕೆ ಲಸಿಕೆಯಿಲ್ಲದ ಊರಬೆಕ್ಕು ಬಂದು ಸೇರುತ್ತದೆ, ಅಡಿಕೆ ಕೊಟ್ಟಿಗೆಯಲ್ಲಿ ಇಲಿಗಳಿಗೆ ಹಬ್ಬವಾಗುತ್ತದೆ. ಬೆಕ್ಕಿದ್ದರೆ ಇಲಿಜ್ವರ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಮಳೆಗಾಲದಲ್ಲಿ ಇಲಿಜ್ವರದಿಂದ ನಮ್ಮ ಜಿಲ್ಲೆಗಳು ಪಡುವ ಪಾಡನ್ನು ಕಂಡ ನನಗೆ ಇಲಿಗಳಿಗಿಂತ ಬೆಕ್ಕಿನ ಸಹವಾಸವೇ ವಾಸಿ ಎನಿಸುತ್ತದೆ.

ಆ ಮನೆಯಲ್ಲಿ ಮುಂದೇನಾಯಿತು ಎಂದು ಕೇಳುತ್ತೀರಿ. ಹುಡುಗನಿಗೆ 28ನೇ ದಿನದ ಚುಚ್ಚುಮದ್ದು ಆಗುವಾಗ ಕ್ರಿಸ್ಮಸ್ ಹತ್ತಿರವಾಗಿತ್ತು. ಪ್ರತಿಸಲವೂ ಅವನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ತಂದೆಯನ್ನು ಎಬ್ಬಿಸಿದನಂತೆ. ಬೆಕ್ಕನ್ನು ಮೃಗಾಸ್ಪತ್ರೆಗೆ ಒಯ್ದು, ಜಗಳದ ಸಂಗತಿ ತಿಳಿಸಿ ಲಸಿಕೆಯನ್ನೂ ಹುಳದ ಮದ್ದನ್ನೂ ಕೊಡಿಸಿದರು. ಕೆಲವು ವಾರ ಅದನ್ನು ಹೊರಗಿನ ಕೊಟ್ಟಿಗೆಯಲ್ಲೇ ಇಟ್ಟು ಕಣ್ಣಿಟ್ಟು ನೋಡಿಕೊಂಡರು. ಮಗಳು ಬಂದಳು, ಹೆರಿಗೆ ಸುಸೂತ್ರವಾಯಿತು, ಮಗು ಚೆನ್ನಾಗಿದೆ.

ಮೊನ್ನೆ ಮಗುವನ್ನು ನೋಡಲು ಹೋಗಿದ್ದೆ. ಬಾಣಂತಿ ಕೋಣೆಯ ಬಾಗಿಲು ಮುಚ್ಚಿತ್ತು, ಬೆಕ್ಕು ಹೊಸ್ತಿಲಿನ ಹೊರಗೆ ಕಾವಲುಗಾರನಂತೆ ಮಲಗಿತ್ತು. ಅಜ್ಜಿ ಬಚ್ಚಲುಮನೆಯ ಬದಿಯಲ್ಲಿ ಕುಳಿತು ಒಲೆಗೆ ತೆಂಗಿನ ಗರಟೆ ಹಾಕುತ್ತಿದ್ದರು. ಗರಟೆ ತುಂಬಿಸಿಟ್ಟದ್ದು ಅದೇ ಗೋಣಿಚೀಲದಲ್ಲಿ. ನನ್ನನ್ನು ಕಂಡವರೇ, "ನೋಡು ಮಗಾ, ಇವತ್ತು ಬೆಳಿಗ್ಗೆ ಇವನ ಕಾಲಿಗೆ ಮುಳ್ಳು ಗೀರಿತು. ನಾನೇ ಸಾಬೂನು ಹಾಕಿ ತೊಳೆಸಿದೆ, ಗಡಿಯಾರ ನೋಡಿ" ಎಂದರು. ಮುಳ್ಳಿಗೆ ಅಷ್ಟು ಹೊತ್ತು ಬೇಡ ಅಜ್ಜೀ ಎಂದು ಹೇಳಲು ಹೊರಟವಳು ಸುಮ್ಮನಾದೆ. ಕಲಿತದ್ದು ಹೆಚ್ಚಾದರೆ ನಷ್ಟವೇನೂ ಇಲ್ಲ.

ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ಇಂದೇ ಅದರ ಲಸಿಕೆಯ ಕಾರ್ಡನ್ನು ಹುಡುಕಿ ನೋಡಿ. ಕಾರ್ಡು ಇಲ್ಲವಾದರೆ ಈ ವಾರವೇ ಮೃಗಾಸ್ಪತ್ರೆಗೆ ಒಯ್ಯಿರಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.